ಏಳನೇ ಹಲಗೆಯಲ್ಲಿ ಎಡವಬೇಕು

ಮೊದಲು ಬಣ್ಣದ ಕಥೆ ಹೇಳಿಬಿಡುತ್ತೇನೆ.

ಶೂಟಿಂಗ್ ನಡೆದಷ್ಟು ದಿನವೂ ಬೆಳಿಗ್ಗೆ ಏಳಕ್ಕೆ ಮೇಕಪ್ಪಿನವನು ಬಂದು ನಮ್ಮಮ್ಮನನ್ನು ಹೀರೋಯಿನ್ನಿನ ಬಸ್ಸಿಗೆ ಕರೆದುಕೊಂಡು ಹೋಗುತ್ತಿದ್ದ. ಹಾಸಿಗೆ, ಕನ್ನಡಿ, ಕಕ್ಕಸು, ಎಸಿ ಎಲ್ಲ ಇರುವ ಬಸ್ಸು. ಅಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ. ಮೈಮೇಲೆ ಸಿಮೆಂಟು ಇರುತ್ತದಲ್ಲ. ಮೆಟ್ಟಿಲ ಮೇಲೆ ನಿಲ್ಲಿಸಿ ಬಲಗೈ ಒಂದನ್ನು ಮಾತ್ರ ಬಾಗಿಲೊಳಗೆ ಚಾಚಿಸುತ್ತಿದ್ದ. ಒಳಗೆ ಹೀರೋಯಿನ್ ತನ್ನ ಕೈಯನ್ನು ಅಮ್ಮನ ಕೈ ಪಕ್ಕಕ್ಕೆ ಇಡುತ್ತಿದ್ದಳು. ಅವನು ಆರು ಡಬ್ಬಿಗಳ ಬಣ್ಣ ಬೆರೆಸಿ, ಅವಳ ಕೈಗೆ ಬಳಿದು, ಒರೆಸಿ, ಮತ್ತೆ ಬಳಿದು, ಎರಡು ಕೈಯೂ ಒಂದೇ ಬಣ್ಣಕ್ಕೆ ಬರುವ ಹೊತ್ತಿಗೆ ಹತ್ತು ಗಂಟೆ. ಅಲ್ಲಿಯವರೆಗೆ ಅಮ್ಮನ ಮೈ ಬಿಸಿಲಲ್ಲಿ, ಕೈ ಎಸಿಯಲ್ಲಿ.

"ಇಪ್ಪತ್ತೆರಡು ವರ್ಷದಲ್ಲಿ ಮೈಗೆ ಸಿಗದ ಸುಖ ಒಂದು ಕೈಗಾದ್ರೂ ಸಿಕ್ತು ನೋಡು" ಎಂದಳು ಅಮ್ಮ ಮೊದಲ ದಿನ.

ಎರಡನೇ ದಿನ ಮೇಕಪ್ಪಿನವನು ಅಮ್ಮನ ಕೈ ನೋಡಿ ತಲೆ ಚಚ್ಚಿಕೊಂಡ.

"ಅಮ್ಮಾ, ನೀವು ನಿನ್ನೆಗಿಂತ ಕಪ್ಪಾಗಿದ್ದೀರಿ. ಬಿಸಿಲಲ್ಲಿ ಓಡಾಡ್ಬೇಡಿ. ನಿನ್ನೆ ತೆಗೆದದ್ದಕ್ಕೂ ಇವತ್ತಿಂದಕ್ಕೂ ತಾಳೆ ಆಗಲ್ಲ."

"ನಾನೆಲ್ಲಪ್ಪ ಬಿಸಿಲಲ್ಲಿ ಓಡಾಡ್ತೀನಿ. ಬಿಸಿಲೇ ನನ್ನ ಮೇಲೆ ಓಡಾಡುತ್ತೆ."

ಆಮೇಲೆ ಸಿನಿಮಾ ಬಿಡುಗಡೆಯಾದಾಗ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು: 'ಮೇಕಪ್ಪೇ ಇಲ್ಲದೆ ನಟಿಸಿದ ದಿಟ್ಟೆ.'

ನಾವು ಯಾರು ಅಂತ ಹೇಳಲೇ ಇಲ್ಲ. ನಾವು ಎಂಟು ಅಂತಸ್ತಿನ ಕಟ್ಟಡಕ್ಕೆ ಕಾಂಕ್ರೀಟು ಹೊರುವವರು. ಕೆಳಗೆ ಕಲಸುತ್ತಾರೆ. ಬಾಣಲಿಗೆ ತುಂಬುತ್ತಾರೆ. ತಲೆ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಬಾಣಲಿ. ಕಂಬ ನೆಟ್ಟು, ಅಡ್ಡ ಹಲಗೆ ಕಟ್ಟಿ ಮಾಡಿದ ಸಾರುವೆಯ ಮೇಲೆ ಹತ್ತಬೇಕು. ಸುರಿಯಬೇಕು. ಇಳಿಯಬೇಕು. ಮತ್ತೆ ಹತ್ತಬೇಕು. ಸ್ಲ್ಯಾಬು ಹಾಕುವ ದಿನ ನಿಲ್ಲುವ ಹಾಗಿಲ್ಲ. ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ, ಗಟ್ಟಿಯಾಗಿಬಿಡುತ್ತದೆ.

ಅಮ್ಮನಿಗೆ ಸೈಟಿನಲ್ಲಿ ನೆಟ್ಟಕ್ಕ ಎಂದು ಹೆಸರು. ಕತ್ತು ಅಷ್ಟು ನೆಟ್ಟಗೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕಾಲು ಎಡವಿಲ್ಲ. "ಎಡವೋದು ನೆಲದ ಮೇಲೆ ನಡೆಯೋರ ಚಟ" ಎನ್ನುತ್ತಾಳೆ. "ಮೇಲೆ ಹತ್ತೋರಿಗೆ ಆ ಚಟ ಪೂರೈಸಲ್ಲ."

ನನಗೆ ಹತ್ತೊಂಬತ್ತು. ನನ್ನ ಹೆಸರು ಸಿನಿಮಾ. ಅಂದರೆ ಹಾಗೆ ಕರೆಯುವವರು ರಸಮಟ್ಟ ತಾತ. ಹಳೇ ಗಾರೆಯವರು. ಜೇಬಿನಲ್ಲಿ ಸದಾ ರಸಮಟ್ಟ ಇಟ್ಟುಕೊಂಡು ಕಂಡ ಗೋಡೆಗೆಲ್ಲ ಹಿಡಿದು ಓರೆಯೋ ನೇರವೋ ನೋಡುತ್ತಾರೆ. ನಾನು ಖಾಲಿ ಬಾಣಲಿ ಹಿಡಿದು ಇಳಿಯುವಾಗ ಹಾಡಿಗೆ ಹೆಜ್ಜೆ ಹಾಕುತ್ತಿದ್ದೆ. ಇಟ್ಟಿಗೆ ರಾಶಿಗೆ ಡೈಲಾಗು ಹೊಡೆಯುತ್ತಿದ್ದೆ. ಸೈಟಿಗೆ ಶೂಟಿಂಗ್ ಬರುತ್ತದೆ ಅಂತ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. "ಏ ಸಿನಿಮಾ, ಅವರು ಬರ್ತಿರೋದು ಕಟ್ಟಡ ನೋಡಿ, ನಿನ್ನ ನೋಡಿ ಅಲ್ಲ" ಎಂದರು ತಾತ. ನಾನು ಕೇಳಿಸಿಕೊಳ್ಳಲಿಲ್ಲ.

ಚಿಕ್ಕಮ್ಮನ ವಿಷಯವನ್ನೂ ಈಗಲೇ ಹೇಳಿಬಿಡಬೇಕು.

ಅಮ್ಮನ ತಂಗಿ. ಶೂಟಿಂಗಿಗೆ ಏಳು ತಿಂಗಳು ಮೊದಲು ಇದೇ ಕಟ್ಟಡದ ನಾಲ್ಕನೇ ಅಂತಸ್ತಿನಿಂದ ಬಿದ್ದಳು. ನಾನು ಅವಳ ಹಿಂದೆ ಎರಡೇ ಹೆಜ್ಜೆ ದೂರದಲ್ಲಿದ್ದೆ. ಹಲಗೆ ಮುರಿಯಿತು. ಗೆದ್ದಲು ತಿಂದ ಹಲಗೆ. ನಡುವೆ ಲಟಕ್ ಎಂದಿತು. ಅವಳು ಕೂಗಲೂ ಇಲ್ಲ. ತಲೆ ಮೇಲೆ ಭಾರ ಇರುವವರಿಗೆ ಕೂಗುವಷ್ಟು ಉಸಿರು ಇರುವುದಿಲ್ಲ. ಸಂಜೆಯೊಳಗೆ ಮುರಿದ ತುಂಡು ಎರಡೂ ಮಾಯ. ಕಂಟ್ರಾಕ್ಟರ್ ಆಸ್ಪತ್ರೆಗೆ ಒಂದು ಕಾಗದ ತಂದು, "ಹೆಣ ಬಿಡಿಸ್ಕೊಳ್ಳೋಕೆ" ಎಂದು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ. ನಾನು ಹೊರಗೆ ಗಾಡಿ ಹತ್ತಿರ ಇದ್ದೆ. ಎರಡು ದಿನದ ಮೇಲೆ ಅದರ ನಕಲು ಕೈಗೆ ಬಂದಾಗ ಓದಿದೆ. 'ಕೆಲಸದಾಕೆ ತನ್ನದೇ ಅಜಾಗರೂಕತೆಯಿಂದ ಕಾಲು ಎಡವಿ ಬಿದ್ದಿರುತ್ತಾಳೆ.' ಕೆಳಗೆ ಅಮ್ಮನ ಹೆಬ್ಬೆಟ್ಟು.

ಓದಿ ಹೇಳಿದಾಗ ಅಮ್ಮ ಆ ಬೆರಳನ್ನು ತುಂಬ ಹೊತ್ತು ನೋಡಿಕೊಂಡಳು. ಬೇರೆ ಯಾರದೋ ಬೆರಳು ಎನ್ನುವ ಹಾಗೆ.

ಸರಿ, ಶೂಟಿಂಗಿಗೆ ಬರೋಣ.

ಡೈರೆಕ್ಟರ್ ಸಾರ್ ತುಂಬ ಒಳ್ಳೆಯವರು. ಎಲ್ಲರೂ ಹಾಗೇ ಹೇಳುತ್ತಿದ್ದರು, ಅವರೂ ಸೇರಿ. ಅಮ್ಮನನ್ನು ಅಮ್ಮ ಅಂತಲೇ ಕರೆಯುತ್ತಿದ್ದರು. ನನಗಿಂತ ಹೆಚ್ಚು ಸಲ ಕರೆದರು. ಬಂದ ದಿನ ನಮ್ಮನ್ನೆಲ್ಲ ಮರಳ ರಾಶಿಯ ಮೇಲೆ ಕೂರಿಸಿ, ತಾವು ಮಾತ್ರ ಕುರ್ಚಿ ಬೇಡ ಎಂದು ಇಟ್ಟಿಗೆ ಮೇಲೆ ಕೂತರು. ಫೋಟೋ ತೆಗೆದಾದ ಮೇಲೆ ಕುರ್ಚಿ ಬಂತು.

"ಇದು ನಿಮ್ಮ ಸಿನಿಮಾ. ನಿಮ್ಮ ನೋವಿನ ಸಿನಿಮಾ" ಎಂದರು.

"ನಮ್ಮದಾದ್ರೆ ಕೊನೆಗೆ ಏನಾಗುತ್ತೆ ಸಾರ್?" ಎಂದರು ತಾತ.

"ಹೀರೋಯಿನ್ ಇದೇ ಕಟ್ಟಡದಲ್ಲಿ ಎಂಟನೇ ಫ್ಲೋರಲ್ಲಿ ಮನೆ ತಗೋತಾಳೆ."

"ಓ. ಹಾಗಾದ್ರೆ ನಮ್ಮದಲ್ಲ ಬಿಡಿ."

ಡೈರೆಕ್ಟರ್ ಸಾರ್ ನಕ್ಕರು. ಪಕ್ಕದವನಿಗೆ, "ಎಂಥಾ ಹ್ಯೂಮರ್ ನೋಡು ಇವರದ್ದು, ಬರ್ಕೋ" ಎಂದರು. ಅವನು ಬರೆದುಕೊಂಡ.

ಹೀರೋಯಿನ್ ಅಲ್ಲಿಯವರೆಗೆ ಎಂಟು ಸಿನಿಮಾದಲ್ಲಿ ಕುಣಿದಿದ್ದಳಂತೆ. ಇದು ಅವಳನ್ನು 'ನಟಿ' ಮಾಡುವ ಪಾತ್ರವಂತೆ. ಅದಕ್ಕೇ ನಮ್ಮ ಜೊತೆ ಬದುಕಲು ಬಂದಳು. ಬಂದದ್ದು ಮೂರು ದಿನ. ಆಮೇಲೆ ಟೀವಿಯಲ್ಲಿ ಅದು ನಲವತ್ತು ದಿನ ಆಯಿತು. ಕೆಟ್ಟವಳಲ್ಲ. ಅಮ್ಮನ ಪಕ್ಕ ಕೂತು, "ಹೇಗೆ ಹೊರ್ತೀರಿ, ನನಗೂ ಹೇಳ್ಕೊಡಿ ಅಮ್ಮ" ಎಂದಳು. ಅಮ್ಮ ಸಿಂಬಿ ಸುತ್ತಿ ಅವಳ ತಲೆಗೆ ಇಟ್ಟಳು.

"ಕಣ್ಣು ಮುಂದೆ ಇರ್ಲಿ. ಕಾಲು ನೋಡ್ಬಾರ್ದು. ಕಾಲಿಗೆ ದಾರಿ ಗೊತ್ತಿರುತ್ತೆ."

ಅವಳ ಬಾಣಲಿಯಲ್ಲಿ ಇದ್ದದ್ದು ಥರ್ಮಕೋಲು. ಬೂದು ಬಣ್ಣ ಬಳಿದು ಮೇಲೆ ನಾಲ್ಕು ಜಲ್ಲಿಕಲ್ಲು ಅಂಟಿಸಿದ್ದರು. ಒಂದೇ ಬೆರಳಲ್ಲಿ ಎತ್ತಬಹುದು. ಅದನ್ನು ತಲೆ ಮೇಲೆ ಇಟ್ಟುಕೊಂಡ ತಕ್ಷಣ ಅವಳ ಕತ್ತು ಬಗ್ಗಿತು, ಬೆನ್ನು ಗೂನಾಯಿತು, ಬಾಯಿಂದ "ಹಾ... ಹಾ..." ಬಂತು.

"ಮೇಡಂ, ಭಾರ ಇದ್ರೆ ಕತ್ತು ಬಗ್ಗಲ್ಲ. ಬಗ್ಗಿದ್ರೆ ಮುರಿಯುತ್ತೆ" ಎಂದಳು ಅಮ್ಮ.

"ಆದ್ರೆ ಅಮ್ಮ," ಡೈರೆಕ್ಟರ್ ಸಾರ್ ನಡುವೆ ಬಂದರು, "ಬಗ್ಗದೇ ಇದ್ರೆ ಭಾರ ಇದೆ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

"ಹೊತ್ತು ನೋಡ್ಲಿ."

ಇದನ್ನೂ ಬರೆದುಕೊಂಡರು. ಆದರೆ ಕತ್ತು ಬಗ್ಗಿಸಿಯೇ ತೆಗೆದರು.

ಬೆವರಿಗೆಂದು ಒಬ್ಬ ಬೇರೆ ಇದ್ದ. ಕೈಯಲ್ಲಿ ನೀರು ಚಿಮ್ಮಿಸುವ ಬಾಟಲಿ. ಹೀರೋಯಿನ್ನಿನ ಹಣೆಗೆ, ಕುತ್ತಿಗೆಗೆ ಪುಸ್ ಪುಸ್ ಎಂದು ಬೆವರು ಹೊಡೆಯುವುದೇ ಅವನ ಕೆಲಸ. ಹಿಂದೆ ಸಾಲಾಗಿ ನಡೆಯಲು ನಮ್ಮನ್ನು ನಿಲ್ಲಿಸಿದ್ದರು. ನಮ್ಮ ಬಾಣಲಿಯಲ್ಲಿ ನಿಜವಾದ ಕಾಂಕ್ರೀಟು, ಯಾಕೆಂದರೆ ಅಷ್ಟೊಂದು ಥರ್ಮಕೋಲು ಇರಲಿಲ್ಲ. ನಮ್ಮ ಮುಖದಲ್ಲಿ ನೀರಿಳಿಯುತ್ತಿತ್ತು. ಕ್ಯಾಮೆರಾದವನು ಕೂಗಿದ. "ಹಿಂದಿನವರ ಬೆವರು ಒರೆಸ್ರಪ್ಪ, ಹೊಳೀತಿದೆ."

ಬಾಟಲಿಯವನೇ ಬಂದು ನಮ್ಮ ಮುಖ ಒರೆಸಿದ. "ಆ ಟವೆಲನ್ನೇ ಹಿಂಡಿ ಬಾಟಲಿಗೆ ಹಾಕ್ಕೊಂಡಿದ್ರೆ ಕೆಲಸ ಮುಗೀತಿತ್ತಲ್ಲ" ಎಂದರು ತಾತ.

ಇನ್ನೊಂದು. ಸಾರುವೆಯ ಕೆಳಗೆ ಬಲೆ ಕಟ್ಟಿದರು. ದಪ್ಪ ನೈಲಾನಿನ ನೀಲಿ ಬಲೆ. ಹೀರೋಯಿನ್ ಹತ್ತುತ್ತಾಳಲ್ಲ. ಹಳೇ ಹಲಗೆ ಬಿಚ್ಚಿ ಹೊಸ ಹಲಗೆ ಕಟ್ಟಿದರು. ಹೊಸದು ಹೊಸದಾಗಿ ಕಾಣಬಾರದು ಎಂದು ಮೇಲೆ ಕೆಸರು ಬಳಿದರು. ಆ ಕಟ್ಟಡಕ್ಕೆ ಬಲೆ ಬಂದದ್ದು ಅದೇ ಮೊದಲು. ನಾವೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡಿದೆವು. ಅಮ್ಮ ಬಲೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದಳು. ಗಟ್ಟಿಯಾಗಿತ್ತು.

ಮೂರನೇ ದಿನ ದೊಡ್ಡ ಸೀನು.

ಹೀರೋಯಿನ್ ಬಾಣಲಿ ಹೊತ್ತು ಹತ್ತುತ್ತಾಳೆ. ಏಳನೇ ಹಲಗೆಯಲ್ಲಿ ಕಾಲು ಎಡವುತ್ತಾಳೆ. ಬೀಳುತ್ತಾಳೆ. ಮುಖ ಕಾಣುವುದನ್ನು ಹೀರೋಯಿನ್ ಮಾಡುತ್ತಾಳೆ. ಕಾಲು, ಬೆನ್ನು, ಬೀಳುವುದು ಎಲ್ಲ ಡೂಪು. ಡೂಪು ನಮ್ಮಮ್ಮ. ಹೀರೋಯಿನ್ನಿಗೆ ಬಳಿದದ್ದು ಅಮ್ಮನದೇ ಬಣ್ಣ, ಇನ್ನು ಬೆನ್ನೂ ಅಮ್ಮನದೇ. ಏಳನೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು.

ಅಮ್ಮ ಹತ್ತಿದಳು. ಗುರುತಿನ ಮೇಲೆ ಕಾಲಿಟ್ಟಳು. ಮುಂದೆ ಹೋದಳು. ಮೇಲೆ ತಲುಪಿದಳು.

"ಕಟ್. ಅಮ್ಮ, ಎಡವ್ಬೇಕು."

ಮತ್ತೆ ಹತ್ತಿದಳು. ಮತ್ತೆ ಮೇಲೆ ತಲುಪಿದಳು.

"ಎಡವಿ ಅಮ್ಮ. ಸುಮ್ನೆ ಕಾಲು ತಾಗಿಸಿ. ಕೆಳಗೆ ಬಲೆ ಇದೆ, ಭಯ ಬೇಡ."

ಐದು ಸಲ ಆಯಿತು. ಐದೂ ಸಲ ತುಂಬಿದ ಬಾಣಲಿ. ಕಾಲಿಗೆ ಬರುತ್ತಿಲ್ಲವೋ, ಬೇಕೆಂದೇ ಮಾಡುತ್ತಿದ್ದಾಳೋ ನನಗೂ ಗೊತ್ತಾಗಲಿಲ್ಲ. ಆರನೇ ಸಲಕ್ಕೆ ಡೈರೆಕ್ಟರ್ ಸಾರ್ ಹತ್ತಿರ ಬಂದು ಅಮ್ಮನ ಭುಜದ ಮೇಲೆ ಕೈ ಇಟ್ಟರು. ದನಿ ಮೆತ್ತಗಾಯಿತು.

"ಅಮ್ಮ, ಇದು ನಿಜವಾಗಿ ನಡೆದದ್ದು. ಇದೇ ಕಟ್ಟಡದಲ್ಲಿ. ನಿಮ್ಮ ಕಂಟ್ರಾಕ್ಟರೇ ನನಗೆ ಹೇಳಿದ್ದು. ಒಬ್ಬ ಹೆಂಗಸು ಎಡವಿ ಬಿದ್ಲಂತೆ. ಅದು ಕೇಳಿ ನಾನು ಎರಡು ದಿನ ನಿದ್ದೆ ಮಾಡ್ಲಿಲ್ಲ. ಅವಳಿಗೋಸ್ಕರ ಈ ಸೀನು. ಅವಳಿಗೋಸ್ಕರ ಒಂದ್ಸಲ ಎಡವಿ."

ಅಮ್ಮ ಬಾಣಲಿಯನ್ನು ನೆಲಕ್ಕೆ ಇಳಿಸಿದಳು. ಇಳಿಸಲು ಯಾರ ಸಹಾಯವನ್ನೂ ಕೇಳಲಿಲ್ಲ. ಕಂಟ್ರಾಕ್ಟರ್ ಕುರ್ಚಿಯಲ್ಲಿ ಕೂತು ಜ್ಯೂಸು ಕುಡಿಯುತ್ತಿದ್ದ. ಅವನನ್ನು ನೋಡಿದಳು. ಅವನು ಜ್ಯೂಸನ್ನು ನೋಡಿದ.

"ಅವಳು ನನ್ನ ತಂಗಿ" ಎಂದಳು ಅಮ್ಮ. "ಎಡವ್ಲಿಲ್ಲ. ಹಲಗೆ ಮುರೀತು."

ಡೈರೆಕ್ಟರ್ ಸಾರ್ ಕಣ್ಣು ತೇವವಾಯಿತು. ನಿಜವಾಗಿಯೂ ಆಯಿತು, ನಾನು ನೋಡಿದೆ. ಅಮ್ಮನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು.

"ಹಲಗೆ ಮುರಿದ್ರೆ ಅದು ಹಲಗೆಯ ಕಥೆ ಆಗುತ್ತಮ್ಮ. ಎಡವಿದ್ರೆ ಮನುಷ್ಯರ ಕಥೆ."

"ಮುರಿದ ಹಲಗೆ ಕಟ್ಟಿದವನೂ ಮನುಷ್ಯನೇ ಅಲ್ವಾ ಸಾರ್? ಅವನ ಕಥೆ ತೆಗೀರಿ."

"ಅಮ್ಮ, ಪ್ಲೀಸ್. ಬೆಳಕು ಹೋಗ್ತಿದೆ."

"ಒಂದ್ಸಲ ಹೆಬ್ಬೆಟ್ಟು ಒತ್ತಿದೀನಿ" ಎಂದಳು ಅಮ್ಮ. "ಎರಡನೇ ಸಲ ಕಾಲಲ್ಲಿ ಒತ್ತಲ್ಲ."

ಸಿಂಬಿ ಬಿಚ್ಚಿ, ಕೊಡವಿ, ಮುಖ ಒರೆಸಿಕೊಂಡು ಹೋಗಿ ತಾತನ ಪಕ್ಕ ಕೂತಳು.

ಆಗ ಡೈರೆಕ್ಟರ್ ಸಾರ್ ನನ್ನನ್ನು ನೋಡಿದರು.

"ನೀನು ಮಗಳಲ್ವಾ? ಬೆನ್ನು ಅಮ್ಮನ ಹಾಗೇ ಇದೆ." ಎರಡು ಕೈಯ ಬೆರಳುಗಳಿಂದ ಚೌಕ ಮಾಡಿ ನನ್ನ ಮುಖಕ್ಕೆ ಹಿಡಿದರು. "ಮುಖಾನೂ ಪರವಾಗಿಲ್ಲ. ನೀನು ಎಡವು. ಬೀಳೋದಕ್ಕೆ ಮುಂಚೆ ತಿರುಗಿ ಕ್ಯಾಮೆರಾ ಕಡೆ ಒಂದ್ಸಲ ನೋಡು. ಎರಡು ಸೆಕೆಂಡು ನಿನ್ನ ಮುಖ ಇಡ್ತೀನಿ. ಹೀರೋಯಿನ್ನಿನ ಗೆಳತಿ ಅಂತ ಮಾಡ್ತೀನಿ. ಯಾರಿಗ್ಗೊತ್ತು, ನಾಳೆ ಇನ್ನೊಂದು ಸಿನಿಮಾ."

ಸುಳ್ಳು ಹೇಳುವುದಿಲ್ಲ. ನನಗೆ ಆಸೆಯಾಯಿತು. ಎರಡು ಸೆಕೆಂಡು. ಕಟ್ಟಡದಷ್ಟು ದೊಡ್ಡ ಪರದೆಯ ಮೇಲೆ ನನ್ನ ಮುಖ. ಚಿಕ್ಕಮ್ಮ ಸತ್ತು ಏಳು ತಿಂಗಳಾಗಿದೆ, ನಾನು ಎಡವಿದರೂ ಎಡವದಿದ್ದರೂ ಅವಳು ಬರುವುದಿಲ್ಲ, ಎಂದೆಲ್ಲ ತಲೆಯಲ್ಲಿ ಓಡಿತು. ಅಮ್ಮನ ಕಡೆ ನೋಡಿದೆ. ಅವಳು ಬೇಡ ಅನ್ನಲಿಲ್ಲ. ಹೂಂ ಅನ್ನಲಿಲ್ಲ. ತನ್ನ ಸಿಂಬಿಯನ್ನು ನನ್ನ ಕಡೆ ಎಸೆದಳು. ಅಷ್ಟೇ.

ಅದನ್ನೇ ತಲೆಗೆ ಇಟ್ಟುಕೊಂಡೆ. ಇನ್ನೂ ಅವಳ ಬೆವರಿನ ತೇವ ಇತ್ತು.

"ಆಕ್ಷನ್."

ಒಂದು, ಎರಡು, ಮೂರು. ಹಲಗೆ ಹೊಸದು. ಎಷ್ಟು ಗಟ್ಟಿ ಎಂದರೆ ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ. ನಾಲ್ಕು, ಐದು. ಕೆಳಗೆ ನೀಲಿ ಬಲೆ. ಏಳು ತಿಂಗಳ ಹಿಂದೆ ಇಂಥ ಒಂದು ಹಲಗೆ ಇದ್ದಿದ್ದರೆ. ಆರು. ಇಂಥ ಒಂದು ಬಲೆ ಇದ್ದಿದ್ದರೆ. ಏಳು. ಸೀಮೆಸುಣ್ಣದ ಗುರುತು ನನ್ನ ಕಾಲಡಿ ಬಂತು.

ನಿಂತೆ. ಹೇಳಿದ ಹಾಗೇ ತಿರುಗಿ ಕ್ಯಾಮೆರಾ ನೋಡಿದೆ. ಕತ್ತು ಬಗ್ಗಿಸಲಿಲ್ಲ.

"ಹಲಗೆ ಮುರೀತು" ಎಂದೆ. "ನಮ್ಮ ಚಿಕ್ಕಮ್ಮ ಎಡವ್ಲಿಲ್ಲ. ಹಲಗೆ ಮುರೀತು. ನಾನು ನೋಡಿದೀನಿ."

"ಕಟ್. ಕಟ್ ಕಟ್."

ನಾನು ನಿಲ್ಲಿಸಲಿಲ್ಲ. ಮೇಲಕ್ಕೆ ಹತ್ತಿ, ಕಾಂಕ್ರೀಟು ಸುರಿದು, ಖಾಲಿ ಬಾಣಲಿ ಹಿಡಿದು ಇಳಿದು ಬಂದೆ. ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸ ಇಲ್ಲ. ಕೆಳಗೆ ಹೀರೋಯಿನ್ ನನ್ನನ್ನೇ ನೋಡುತ್ತಿದ್ದಳು. ಅವಳ ಕೆನ್ನೆಯ ಮೇಲೆ ಅಮ್ಮನ ಬಣ್ಣ, ಬಾಟಲಿಯ ಬೆವರು. ಏನೋ ಹೇಳಲು ಬಾಯಿ ತೆರೆದಳು. ಬೆವರಿನವನು ಬಂದು ಪುಸ್ ಎನಿಸಿದ. ಬಾಯಿ ಮುಚ್ಚಿದಳು.

ಕೊನೆಗೆ ಅವಳೇ ಎಡವಿದಳು, ಥರ್ಮಕೋಲು ಹೊತ್ತು. ಸೊಂಟಕ್ಕೆ ಹಗ್ಗ, ಕೆಳಗೆ ಬಲೆ, ಪಕ್ಕದಲ್ಲಿ ಆಂಬುಲೆನ್ಸು. ಮರುದಿನ ಬಲೆ ಮಡಚಿ ಲಾರಿಗೆ ಹಾಕಿದರು. ಹೊಸ ಹಲಗೆಗಳನ್ನೂ ಬಿಚ್ಚಿದರು. "ಅವು ಸಿನಿಮಾದವು" ಎಂದ ಕಂಟ್ರಾಕ್ಟರ್. ಹಳೇ ಹಲಗೆ ಮತ್ತೆ ಕಟ್ಟಿದರು. ನಾವು ಮತ್ತೆ ಹತ್ತಿದೆವು. ಹತ್ತಿದೆವು ಎಂದು ಬರೆಯಲು ನಾಚಿಕೆಯಾಗುತ್ತದೆ.

ಸಿನಿಮಾ ಬಂತು. ಜೋರಾಗಿ ಓಡಿತು. ಹೀರೋಯಿನ್ನಿಗೆ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ಅಳುತ್ತಾ, "ಬೀಳೋದನ್ನ ನನಗೆ ಆ ಕಾರ್ಮಿಕರೇ ಕಲಿಸಿದ್ರು" ಎಂದಳು. ರಸಮಟ್ಟ ತಾತ ಟೀವಿಗೆ ರಸಮಟ್ಟ ಹಿಡಿದು ನೋಡಿದರು. "ಓರೆ" ಎಂದರು.

ಆಮೇಲೆ ಕಂಟ್ರಾಕ್ಟರ್ ಬಂದು ಹೇಳಿದ. ಭಾನುವಾರ ಮಧ್ಯಾಹ್ನ ಥಿಯೇಟರಿನಲ್ಲಿ ಕಾರ್ಮಿಕರಿಗೆಂದೇ ಒಂದು ಆಟ. ಎಲ್ಲರೂ ಬರಬೇಕು. ಕೆಲಸದ ಬಟ್ಟೆಯಲ್ಲೇ ಬರಬೇಕು. ಪೇಪರಿನವರು ಬರುತ್ತಾರೆ.

ನಾವೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಹೋದೆವು. ಬಾಗಿಲಲ್ಲಿ ಒಬ್ಬ ನೋಡಿ, "ಇವರು ಅವರ ಥರ ಕಾಣಲ್ವಲ್ಲ" ಎಂದ.

ಮುಂದಿನ ಸಾಲಿನಲ್ಲಿ ಡೈರೆಕ್ಟರ್ ಸಾರ್, ಹೀರೋಯಿನ್, ಕಂಟ್ರಾಕ್ಟರ್, ಪೇಪರಿನವರು. ಹಿಂದೆ ನಾವು ಐದು ಸಾಲು. ಏಳನೇ ಹಲಗೆ ಬಂತು. ಹೀರೋಯಿನ್ ಎಡವಿದಳು. ಸಂಗೀತ ಎದೆಗೆ ಗುದ್ದಿತು. ಬಾಣಲಿ ಉರುಳಿತು. ಅದರಲ್ಲಿದ್ದ ಕಾಂಕ್ರೀಟು ಹಲಗೆಗೆ ಬಡಿದು ಪುಟಿಯಿತು. ಚೆಂಡಿನ ಹಾಗೆ. ಎರಡು ಸಲ.

ಮೊದಲು ನಕ್ಕವರು ತಾತ. ಆಮೇಲೆ ಐದೂ ಸಾಲು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನಿಂದ ಒಬ್ಬಾಕೆ ಕಣ್ಣೀರು ಒರೆಸುತ್ತಾ ತಿರುಗಿ, "ನಿಮಗೆ ಸ್ವಲ್ಪಾನೂ ಕರುಣೆ ಇಲ್ವಾ?" ಎಂದಳು.

ಸಿನಿಮಾ ಮುಗಿಯಿತು. ಹೆಸರುಗಳು ಮೇಲೇರತೊಡಗಿದವು. ಪಕ್ಕದಲ್ಲಿ ಒಂದು ಚಿಕ್ಕ ಚೌಕದಲ್ಲಿ ಶೂಟಿಂಗಿನ ತಮಾಷೆಗಳು. ಹೀರೋಯಿನ್ ಮಾತು ಮರೆತು ನಾಲಿಗೆ ಕಚ್ಚಿಕೊಂಡಳು. ಡೈರೆಕ್ಟರ್ ಸಾರ್ ಮರಳಲ್ಲಿ ಜಾರಿದರು. ಆಮೇಲೆ ನಾನು.

ನನ್ನ ಮುಖ. ತಲೆ ಮೇಲೆ ಬಾಣಲಿ. ತಿರುಗಿ ನೋಡುತ್ತಿದ್ದೇನೆ. ಬಾಯಿ ಆಡುತ್ತಿದೆ. ಮಾತು ಕೇಳುವುದಿಲ್ಲ. ಮಾತು ತೆಗೆದು ಅಲ್ಲಿ ಪೀಪಿ ಊದಿಸಿದ್ದರು. ಮುಂದಿನ ಸಾಲು ನಕ್ಕಿತು.

ಎರಡು ಸೆಕೆಂಡಲ್ಲ. ನಾಲ್ಕು ಸೆಕೆಂಡು ಇದ್ದೆ.

ಪಕ್ಕದಲ್ಲಿ ಕುರ್ಚಿ ಟಪ್ ಎಂದು ಮಡಚಿಕೊಂಡಿತು. ಅಮ್ಮ ಎದ್ದು ನಿಂತಿದ್ದಳು.

"ಹಲಗೆ ಮುರೀತು" ಎಂದಳು.

ಕೂಗಲಿಲ್ಲ. ಅವತ್ತು ಬಾಣಲಿ ಇಳಿಸಿ ಹೇಳಿದ್ದಳಲ್ಲ, ಹಾಗೆ. ತಾತ ಎದ್ದರು. "ಹಲಗೆ ಮುರೀತು." ಹಿಂದಿನ ಸಾಲು ಎದ್ದಿತು. ಅದರ ಹಿಂದಿನದು ಎದ್ದಿತು. "ಹಲಗೆ ಮುರೀತು. ಅವಳು ಎಡವ್ಲಿಲ್ಲ." ಪೀಪಿ ನಿಂತ ಮೇಲೂ ನಾವು ಹೇಳುತ್ತಿದ್ದೆವು. ಮುಂದಿನ ಸಾಲು ತಿರುಗಿ ನೋಡಿತು. ಹೀರೋಯಿನ್ ತಲೆ ತಗ್ಗಿಸಿದಳು. ಕಂಟ್ರಾಕ್ಟರ್ ಪಕ್ಕದ ಬಾಗಿಲಿಂದ ಹೊರಗೆ ಹೋದ. ಪೇಪರಿನವರು ಫೋಟೋ ಹೊಡೆದರು.

ಮರುದಿನ ಬೆಳಿಗ್ಗೆ ಫೋಟೋ ಬಂತು. ಕೆಳಗೆ ಬರೆದಿದ್ದರು: 'ನಟಿಯ ಅಮೋಘ ಅಭಿನಯಕ್ಕೆ ಎದ್ದು ನಿಂತು ಗೌರವ ಸಲ್ಲಿಸಿದ ಕಾರ್ಮಿಕರು.'

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಪೇಪರು ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಯಾರ ಕೈಯೂ ಚಪ್ಪಾಳೆ ತಟ್ಟುತ್ತಿಲ್ಲ.

ನಾನು ಪೇಪರು ಓದಿ ಹೇಳಿದೆ. ಸೈಟಿಗೆ ಹೋದೆವು. ಕೆಳಗೆ ಕಾಂಕ್ರೀಟು ಕಲಸಿ ಇಟ್ಟಿದ್ದರು. ಅಮ್ಮ ಸಾರುವೆಯ ಮೊದಲ ಹಲಗೆಯ ಮೇಲೆ ಒಂದು ಕಾಲಿಟ್ಟು ಒತ್ತಿ ನೋಡಿದಳು. ಕಿರ್ ಎಂದಿತು. ಕಾಲು ತೆಗೆದಳು. ಬಾಣಲಿಯನ್ನು ನೆಲಕ್ಕೆ ಬೋರಲು ಹಾಕಿ ಅದರ ಮೇಲೆ ಕೂತಳು. ನಾನೂ ಬೋರಲು ಹಾಕಿದೆ. ತಾತನ ಬಳಿ ಬಾಣಲಿ ಇರಲಿಲ್ಲ, ಇಟ್ಟಿಗೆ ಮೇಲೆ ಕೂತರು. ಒಬ್ಬೊಬ್ಬರಾಗಿ ಬಂದರು, ನೋಡಿದರು, ಬೋರಲು ಹಾಕಿದರು. ಮೂವತ್ತು ಬಾಣಲಿ.

ಬಿಸಿಲೇರಿತು. ಕಲಸಿದ ಕಾಂಕ್ರೀಟು ಅಂಚಿನಿಂದ ಬಿಗಿಯತೊಡಗಿತು. ಕಂಟ್ರಾಕ್ಟರ್ ಓಡಿ ಬಂದ.

"ಏನಿದು ಎಲ್ಲಾ ಹೀಗೆ ಕೂತಿದ್ದೀರಾ? ಇಲ್ಲೇನು ಶೂಟಿಂಗ್ ನಡೀತಿದ್ಯಾ?"

ಅಮ್ಮ ಕತ್ತೆತ್ತಿ ಅವನನ್ನು ನೋಡಿದಳು.

"ಹೂಂ" ಎಂದಳು. "ಬಲೆ ತರ್ಸು."